ಕೈ ಕೆಸರಾಗದೆ ಬಾಯಿ ಮೊಸರಾದೀತೇ?

ಕಾರ್ಮಿಕರಾದ ಸಂತ ಜೋಸೆಫರ ಹಬ್ಬದ ಚಿಂತನೆ – ಮೇ 1



ಮೇ ತಿಂಗಳ ಮೊದಲ ದಿನ ಜಗತ್ತು ಕಾರ್ಮಿಕರ ದಿನವನ್ನು ಆಚರಿಸುತ್ತದೆ. ಅದೇ ದಿನ ಧರ್ಮಸಭೆ ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನು ಕೊಂಡಾಡುತ್ತದೆ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಯಸ್‌ರವರು ಈ ಹಬ್ಬವನ್ನು ಸ್ಥಾಪಿಸಿದರು. ದುಡಿಯುವವರ ದಿನ ದೇವರಿಲ್ಲದ ದಿನವಾಗಬಾರದು, ದೇವರನ್ನು ಆರಾಧಿಸುವವರು ದುಡಿಯುವವರನ್ನು ಮರೆಯಬಾರದು ಎಂಬುದು ಅದರ ಹಿಂದಿನ ಆಶಯ. ನಜರೇತಿನ ಜನ ಯೇಸುವನ್ನು ಹೀಗಳೆಯಲು ಬಳಸಿದ ಮಾತೇ 'ಬಡಗಿ' ಎಂಬುದು. ಅವರಿಗೆ ಅದು ಅವಮಾನದ ಮಾತು, ನಮಗೆ ಅದೇ ಹೆಮ್ಮೆಯ ಮಾತು. ದೇವರ ಪುತ್ರ ಮೂವತ್ತು ವರ್ಷಗಳ ಕಾಲ ಉಳಿ, ಸುತ್ತಿಗೆ, ಮರದ ಹೊಟ್ಟಿನ ನಡುವೆ ಬಾಳಿದರು.

ಈ ವರ್ಷಗಳಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಹೊಸದೊಂದು ಪ್ರಶ್ನೆ ಕೇಳಿಬರುತ್ತಿದೆ. "ಫಾದರ್, ಮಗಳು ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಳೆ. ಅವಳು ಹೊರಗೆ ಬರುವ ಹೊತ್ತಿಗೆ ಕೆಲಸ ಇರುತ್ತದೆಯೇ?" ಎಂದು ತಾಯಂದಿರು ಕೇಳುತ್ತಾರೆ. "ಕಾಲ್ ಸೆಂಟರಿನಲ್ಲಿ ನಮ್ಮ ಜಾಗಕ್ಕೆ ಯಂತ್ರ ಬಂತು" ಎಂದು ಯುವಕರು ಹೇಳುತ್ತಾರೆ. ಮನೆಸಾಲದ ಕಂತು ಕಟ್ಟುತ್ತಿರುವ ತಂದೆ ಕೇಳುವುದಿಲ್ಲ, ಹೇಳುವುದಿಲ್ಲ. ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಕೃತಕ ಬುದ್ಧಿಮತ್ತೆ ಅಥವಾ ಎ.ಐ. ಎಂದು ಕರೆಯುವ ಈ ಹೊಸ ಶಕ್ತಿ ಎಂಥದ್ದು? ಅದು ನಮ್ಮ ದುಡಿಮೆಗೆ ಏನು ಮಾಡೀತು? ವಿಶ್ವಾಸಿಗಳಾದ ನಾವು ಏನು ಮಾಡಬೇಕು? ಸಂತ ಜೋಸೆಫರ ಹಬ್ಬದಂದು ಈ ಮೂರು ಪ್ರಶ್ನೆಗಳನ್ನು ಶಾಂತವಾಗಿ ವಿಚಾರ ಮಾಡೋಣ.

ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ?

ನಾನು "ಕೈ ಕೆಸರಾದರೆ" ಎಂದು ಹೇಳಿ ನಿಲ್ಲಿಸಿದರೆ ನೀವೆಲ್ಲರೂ ಒಂದೇ ಉಸಿರಿಗೆ "ಬಾಯಿ ಮೊಸರು" ಎನ್ನುತ್ತೀರಿ. ಏಕೆ? ಚಿಕ್ಕಂದಿನಿಂದ ಆ ಮಾತನ್ನು ಅಷ್ಟು ಸಲ ಕೇಳಿದ್ದೀರಿ. ಇಂದಿನ ಎ.ಐ. ಯಂತ್ರಗಳ ಮೂಲ ಕೆಲಸವೂ ಇದೇ. ಪುಸ್ತಕಗಳು, ಪತ್ರಿಕೆಗಳು, ಅಂತರ್ಜಾಲದ ಪುಟಗಳು ಹೀಗೆ ಮನುಷ್ಯರು ಬರೆದಿಟ್ಟ ಅಪಾರ ಬರಹವನ್ನು ಅವುಗಳಿಗೆ ಉಣಿಸಲಾಗುತ್ತದೆ. ಇಷ್ಟು ಮಾತಿನ ನಂತರ ಯಾವ ಮಾತು ಬರಬಹುದು ಎಂದು ಊಹಿಸುವುದನ್ನು ಯಂತ್ರ ಎಣಿಸಲಾಗದಷ್ಟು ಸಲ ಅಭ್ಯಾಸ ಮಾಡುತ್ತದೆ. ತಪ್ಪಿದಾಗಲೆಲ್ಲ ತನ್ನೊಳಗಿನ ಲೆಕ್ಕವನ್ನು ಚೂರು ತಿದ್ದಿಕೊಳ್ಳುತ್ತದೆ. ಕೊನೆಗೆ ಗಾದೆಯನ್ನು ಮಾತ್ರವಲ್ಲ, ಪತ್ರ, ಪ್ರಬಂಧ, ಲೆಕ್ಕ, ಕಂಪ್ಯೂಟರ್ ಪ್ರೋಗ್ರಾಂ ಎಲ್ಲವನ್ನೂ ಪೂರ್ತಿ ಮಾಡುವುದನ್ನು ಕಲಿಯುತ್ತದೆ.

ಈ ಕನಸು ಹೊಸದಲ್ಲ. 1956ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಸೇರಿದ ವಿಜ್ಞಾನಿಗಳು 'ಕೃತಕ ಬುದ್ಧಿಮತ್ತೆ' ಎಂಬ ಹೆಸರಿನಲ್ಲಿ ಸಂಶೋಧನೆ ಆರಂಭಿಸಿದರು. 1997ರಲ್ಲಿ ಡೀಪ್ ಬ್ಲೂ ಎಂಬ ಯಂತ್ರ ಚದುರಂಗದ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್‌ರನ್ನು ಸೋಲಿಸಿತು. 2017ರಲ್ಲಿ ಗೂಗಲ್‌ನ ಸಂಶೋಧಕರು 'ಟ್ರಾನ್ಸ್‌ಫಾರ್ಮರ್' ಎಂಬ ಹೊಸ ವಿಧಾನವನ್ನು ಪ್ರಕಟಿಸಿದ ಮೇಲೆ ಬೆಳವಣಿಗೆ ವೇಗ ಪಡೆಯಿತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂತು. ಅಲ್ಲಿಂದೀಚೆಗೆ ಮೊಬೈಲ್ ಇರುವ ಶಾಲಾ ಮಕ್ಕಳಿಗೂ ಈ ಯಂತ್ರದ ಪರಿಚಯವಾಗಿದೆ.

ಇದರ ಒಳಿತನ್ನು ನಾವು ಧಾರಾಳವಾಗಿ ಒಪ್ಪಿಕೊಳ್ಳಬೇಕು. ನಮ್ಮ ದೇಹದ ಪ್ರೋಟೀನುಗಳ ಆಕಾರವನ್ನು ಕಂಡುಹಿಡಿಯುವುದು ಹಿಂದೆ ವರ್ಷಗಟ್ಟಲೆ ಹಿಡಿಯುವ ಕೆಲಸವಾಗಿತ್ತು. ಅದನ್ನು ಎ.ಐ. ಮೂಲಕ ಸುಲಭಗೊಳಿಸಿದ್ದಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಹೊಸ ಔಷಧಗಳ ಹುಡುಕಾಟಕ್ಕೆ ಇದು ದೊಡ್ಡ ನೆರವು. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ, ಇಂಗ್ಲಿಷ್ ಬಾರದ ರೈತನಿಗೆ ಕನ್ನಡದಲ್ಲೇ ಉತ್ತರಿಸುವ ಯಂತ್ರ ದೇವರು ಮನುಷ್ಯನಿಗೆ ಕೊಟ್ಟ ಬುದ್ಧಿಯ ಫಲವೇ ಹೊರತು ಸೈತಾನನ ಕೆಲಸವಲ್ಲ.

ಆದರೆ ಒಂದು ಮಾತನ್ನು ಮರೆಯಬಾರದು. 'ಕೆಸರು' ಎಂಬ ಪದದ ನಂತರ 'ಮೊಸರು' ಬರುತ್ತದೆಂದು ಬಲ್ಲ ಯಂತ್ರದ ಕೈಗೆ ಎಂದೂ ಕೆಸರಾಗಿಲ್ಲ, ಅದರ ನಾಲಗೆ ಮೊಸರಿನ ರುಚಿ ಕಂಡಿಲ್ಲ. ಅದಕ್ಕೆ ಹಸಿವಿಲ್ಲ, ದಣಿವಿಲ್ಲ, ಮನಸ್ಸಾಕ್ಷಿಯೂ ಇಲ್ಲ. ಆದ್ದರಿಂದಲೇ ಅದು ಕೆಲವೊಮ್ಮೆ ಸುಳ್ಳನ್ನೂ ಸತ್ಯದಷ್ಟೇ ಧೈರ್ಯದಿಂದ ಹೇಳಿಬಿಡುತ್ತದೆ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ! ನ್ಯಾಯಾಧೀಶರು 5,000 ಡಾಲರ್ ದಂಡ ವಿಧಿಸಿದರು. ದಂಡ ಕಟ್ಟಿದ್ದು ಯಂತ್ರವಲ್ಲ, ಮನುಷ್ಯರು. ಹೊಣೆ ಹೊರುವ ಹೆಗಲು ಇಂದಿಗೂ ಮನುಷ್ಯನದೇ.

ಹಿಂದೆಯೂ ಹೀಗಾಗಿತ್ತೇ?

ಯಂತ್ರ ಬಂದು ದುಡಿಮೆ ಕಿತ್ತುಕೊಳ್ಳುವುದು ಇದೇ ಮೊದಲಲ್ಲ. 1811ರಿಂದ ಇಂಗ್ಲೆಂಡಿನ ನೇಯ್ಗೆಯವರು ಹೊಸ ಯಂತ್ರಗಳನ್ನು ರಾತ್ರೋರಾತ್ರಿ ಒಡೆಯತೊಡಗಿದರು. ಅವರನ್ನು 'ಲುಡ್ಡೈಟರು' ಎಂದು ಕರೆದರು. 1812ರಲ್ಲಿ ಅಲ್ಲಿನ ಸಂಸತ್ತು ಯಂತ್ರ ಒಡೆಯುವುದಕ್ಕೆ ಮರಣದಂಡನೆಯ ಕಾನೂನು ತಂದಿತು. 1813ರಲ್ಲಿ ಯಾರ್ಕ್ ನಗರದಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಆ ಜನ ಮೂಢರಾಗಿರಲಿಲ್ಲ. ಅವರು ನುರಿತ ಕೆಲಸಗಾರರು. ಮಕ್ಕಳ ತುತ್ತಿಗಾಗಿ ಹೋರಾಡಿದರು. ಮುಂದೆ ಕೈಗಾರಿಕೆಯಿಂದ ಆ ದೇಶ ಶ್ರೀಮಂತವಾಯಿತು, ಬಟ್ಟೆ ಅಗ್ಗವಾಯಿತು, ಹೊಸ ಕೆಲಸಗಳು ಹುಟ್ಟಿದವು ಎಂಬುದು ನಿಜ. ಆದರೆ ಕೆಲಸ ಕಳೆದುಕೊಂಡ ಆ ಕೈಮಗ್ಗದವರು ಆ ಸುಖವನ್ನು ಕಾಣಲಿಲ್ಲ. "ಕೊನೆಗೆ ಎಲ್ಲ ಸರಿಹೋಗುತ್ತದೆ" ಎನ್ನುವವರು ಆ 'ಕೊನೆ' ಬರುವವರೆಗೆ ಬದುಕಬೇಕಾದ ಮನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಮ್ಮ ನಾಡಿನಲ್ಲೂ ಇಂಥ ನೆನಪುಗಳಿವೆ. ಊರೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಎಲ್ಲಿ ಹೋದವು? ಮೂಲೆ ಮೂಲೆಯಲ್ಲಿದ್ದ ಎಸ್.ಟಿ.ಡಿ. ಬೂತುಗಳು ಎಲ್ಲಿ? 1980ರ ದಶಕದಲ್ಲಿ ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವಾಗ ನೌಕರರ ಸಂಘಗಳು ಗಟ್ಟಿಯಾಗಿ ವಿರೋಧಿಸಿದ್ದವು. ಅದೇ ಕಂಪ್ಯೂಟರ್ ಮುಂದೆ ಬೆಂಗಳೂರಿಗೆ ಲಕ್ಷಾಂತರ ಉದ್ಯೋಗಗಳನ್ನು ತಂದಿತು. ಇದು ಕಥೆಯ ಒಂದು ಮುಖ. ಇನ್ನೊಂದು ಮುಖ ಕೋಲಾರದ ಚಿನ್ನದ ಗಣಿ. ಅಲ್ಲಿ ಕಾರಣ ಯಂತ್ರವಲ್ಲ, ಅದಿರು ಕಡಿಮೆಯಾಗಿ ವೆಚ್ಚ ಹೆಚ್ಚಾದದ್ದು. ಆದರೆ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಾಗ ಹೋದದ್ದು ಸಂಬಳವೊಂದೇ ಅಲ್ಲ, ಒಂದು ಊರಿನ ಬಾಳುವೆಯ ಕ್ರಮವೇ ಹೋಯಿತು. ಇಂದಿಗೂ ಕೆ.ಜಿ.ಎಫ್.ನಿಂದ ಜನ ನಸುಕಿನ ರೈಲು ಹತ್ತಿ ದುಡಿಮೆಗಾಗಿ ಬೆಂಗಳೂರಿಗೆ ಬರುತ್ತಾರೆ. ದುಡಿಮೆ ಎಂದರೆ ಹಣ ಮಾತ್ರವಲ್ಲ, ಅದು ಮನೆ, ನೆರೆಹೊರೆ, ಗುರುತು, ಗೌರವ ಎಲ್ಲವೂ ಎಂಬುದನ್ನು ಆ ಊರನ್ನು ನೋಡಿ ಕಲಿಯಬೇಕು.

ಈ ಸಲ ಏನು ಬೇರೆ?

ಹಿಂದಿನ ಯಂತ್ರಗಳು ತೋಳಿನ ಕೆಲಸವನ್ನು ವಹಿಸಿಕೊಂಡವು. "ಚೆನ್ನಾಗಿ ಓದು ಮಗು, ಕೂತು ಮಾಡುವ ಕೆಲಸ ಸಿಗುತ್ತದೆ" ಎಂದು ನಾವು ಮಕ್ಕಳಿಗೆ ಹೇಳಿದೆವು. ಈ ಯಂತ್ರ ಬಂದಿರುವುದು ಆ ಕೂತು ಮಾಡುವ ಕೆಲಸಕ್ಕೇ. ಪತ್ರ ಬರೆಯುವುದು, ಅನುವಾದ, ಗ್ರಾಹಕರಿಗೆ ಉತ್ತರಿಸುವುದು, ಲೆಕ್ಕಪತ್ರ, ಸಾಮಾನ್ಯ ಪ್ರೋಗ್ರಾಮಿಂಗ್, ಚಿತ್ರ ಬಿಡಿಸುವುದು ಇವೇ ಅದರ ಹೊಲ. ನಲ್ಲಿ ರಿಪೇರಿ ಮಾಡುವವನ, ಗಾರೆ ಕೆಲಸದವನ, ಹಾಸಿಗೆ ಹಿಡಿದ ವೃದ್ಧರನ್ನು ನೋಡಿಕೊಳ್ಳುವ ನರ್ಸಮ್ಮನ ಕೆಲಸವನ್ನು ಅದು ಅಷ್ಟು ಸುಲಭವಾಗಿ ಮುಟ್ಟಲಾರದು.

2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಒಂದು ಅಂದಾಜನ್ನು ಪ್ರಕಟಿಸಿತು. ಜಗತ್ತಿನ ಉದ್ಯೋಗಗಳಲ್ಲಿ ಸುಮಾರು ಶೇಕಡಾ 40ರಷ್ಟು ಎ.ಐ. ಪ್ರಭಾವಕ್ಕೆ ಒಳಗಾಗಬಹುದು, ಶ್ರೀಮಂತ ದೇಶಗಳಲ್ಲಿ ಇದು ಶೇಕಡಾ 60 ಎಂದು ಅದು ಹೇಳಿತು. ಪ್ರಭಾವ ಎಂದರೆ ಎಲ್ಲ ಕೆಲಸವೂ ಹೋಗುತ್ತದೆ ಎಂದಲ್ಲ. ಕೆಲವರಿಗೆ ಯಂತ್ರ ಸಹಾಯಕವಾಗುತ್ತದೆ, ಕೆಲವರಿಗೆ ಅದೇ ಪ್ರತಿಸ್ಪರ್ಧಿ. ವಿಶ್ವ ಆರ್ಥಿಕ ವೇದಿಕೆಯ 2025ರ ವರದಿ 2030ರೊಳಗೆ 9 ಕೋಟಿ 20 ಲಕ್ಷ ಉದ್ಯೋಗಗಳು ಹೋಗಿ 17 ಕೋಟಿ ಹೊಸ ಉದ್ಯೋಗಗಳು ಹುಟ್ಟಬಹುದೆಂದು ಅಂದಾಜು ಮಾಡಿದೆ. ಇದಕ್ಕೆ ಎ.ಐ. ಮಾತ್ರವಲ್ಲ, ಬೇರೆ ಕಾರಣಗಳೂ ಸೇರಿವೆ. ಈ ಲೆಕ್ಕ ಕೇಳಲು ಹಿತವಾಗಿದೆ. ಆದರೆ ಹೋಗುವ ಕೆಲಸ ಒಬ್ಬರದು, ಬರುವ ಕೆಲಸ ಇನ್ನೊಬ್ಬರದು. ನಲವತ್ತೈದು ವರ್ಷದ ಅಕೌಂಟೆಂಟ್ ನಾಳೆ ಬೆಳಿಗ್ಗೆ ಎ.ಐ. ಎಂಜಿನಿಯರ್ ಆಗುವುದಿಲ್ಲ.

ಇಂಥ ಭವಿಷ್ಯವಾಣಿಗಳನ್ನು ಪೂರ್ತಿ ನಂಬಲೂ ಬೇಡಿ. ಈ ಕ್ಷೇತ್ರದ ಹಿರಿಯ ವಿಜ್ಞಾನಿ, 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೆಫ್ರಿ ಹಿಂಟನ್, 2016ರಲ್ಲಿ ಒಂದು ಮಾತು ಹೇಳಿದ್ದರು. ಇನ್ನೈದು ವರ್ಷಗಳಲ್ಲಿ ಎಕ್ಸ್‌ರೇ, ಸ್ಕ್ಯಾನ್ ನೋಡುವುದರಲ್ಲಿ ಯಂತ್ರ ವೈದ್ಯರನ್ನು ಮೀರಿಸುತ್ತದೆ, ಆದ್ದರಿಂದ ಹೊಸ ರೇಡಿಯಾಲಜಿಸ್ಟರನ್ನು ತಯಾರು ಮಾಡುವುದನ್ನು ನಿಲ್ಲಿಸಬೇಕು ಎಂದು. ಆ ಐದು ವರ್ಷ ಎಂದೋ ಕಳೆಯಿತು. ರೇಡಿಯಾಲಜಿಸ್ಟರು ಇನ್ನೂ ಬೇಕಾಗಿದ್ದಾರೆ. ಸ್ವೀಡನ್ನಿನ ಕ್ಲಾರ್ನಾ ಎಂಬ ಕಂಪನಿ 2024ರಲ್ಲಿ ತನ್ನ ಯಂತ್ರ 700 ಮಂದಿ ಗ್ರಾಹಕ ಸೇವಕರ ಕೆಲಸ ಮಾಡುತ್ತಿದೆ ಎಂದು ಹೇಳಿಕೊಂಡಿತು. 2025ರಲ್ಲಿ ಅದೇ ಕಂಪನಿಯ ಮುಖ್ಯಸ್ಥರು ಗುಣಮಟ್ಟ ಕುಗ್ಗಿತು, ಗ್ರಾಹಕರಿಗೆ ಮನುಷ್ಯರೂ ಸಿಗಬೇಕು ಎಂದು ಮತ್ತೆ ಜನರನ್ನು ತೆಗೆದುಕೊಳ್ಳಲು ಮುಂದಾದರು.

ಹಾಗಾದರೆ ನಿಜವಾದ ಅಪಾಯ ಎಲ್ಲಿದೆ? ಅಧ್ಯಯನಗಳು ಬೆರಳು ತೋರಿಸುವುದು ಹೊಸಬರ ಕಡೆಗೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಅಲ್ಲಿ ಎ.ಐ. ಹೆಚ್ಚು ನುಗ್ಗಿರುವ ವೃತ್ತಿಗಳಲ್ಲಿ 22ರಿಂದ 25 ವರ್ಷದ ಯುವಜನರ ಉದ್ಯೋಗ, ಬೇರೆಯವರಿಗೆ ಹೋಲಿಸಿದರೆ ಶೇಕಡಾ 13ರಷ್ಟು ಕುಸಿದಿತ್ತು. ಅದೇ ವೃತ್ತಿಗಳ ಅನುಭವಸ್ಥರಿಗೆ ಅಂಥ ಪೆಟ್ಟು ಬಿದ್ದಿರಲಿಲ್ಲ. ಕಾರಣ ಸರಳ. ಹೊಸಬರಿಗೆ ಕೊಡುತ್ತಿದ್ದ ಚಿಕ್ಕಪುಟ್ಟ ಕೆಲಸವನ್ನೇ ಯಂತ್ರ ಚೆನ್ನಾಗಿ ಮಾಡುತ್ತದೆ. ಏಣಿಯ ಮೇಲಿನ ಮೆಟ್ಟಿಲುಗಳು ಹಾಗೇ ಇವೆ, ಕೆಳಗಿನ ಮೊದಲ ಮೆಟ್ಟಿಲನ್ನು ಕಿತ್ತಿದ್ದಾರೆ. ಆದರೆ ಇಂದು ಹೊಸಬರು ಒಳಗೆ ಬಾರದಿದ್ದರೆ ಇಪ್ಪತ್ತು ವರ್ಷದ ನಂತರ ಅನುಭವಸ್ಥರು ಎಲ್ಲಿಂದ ಬರುತ್ತಾರೆ? ಬಾಲಕ ಯೇಸು ಮೊದಲ ದಿನವೇ ನೇಗಿಲು ಮಾಡಲಿಲ್ಲ. ಜೋಸೆಫರ ಪಕ್ಕ ನಿಂತು ಮರ ಹಿಡಿದುಕೊಂಡು, ಹೊಟ್ಟು ಗುಡಿಸಿ, ನೋಡಿ ನೋಡಿ ಕಲಿತಿರಬೇಕು. ಎಲ್ಲ ಕಸುಬೂ ಹಾಗೆಯೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದಿದೆ.

ಇದು ದೂರದ ಸುದ್ದಿಯಲ್ಲ. ಭಾರತದ ಐ.ಟಿ. ಕ್ಷೇತ್ರ 50 ಲಕ್ಷಕ್ಕೂ ಹೆಚ್ಚು ಮಂದಿಗೆ ಕೆಲಸ ಕೊಟ್ಟಿದೆ, ಅದರ ದೊಡ್ಡ ಪಾಲು ಬೆಂಗಳೂರಿನಲ್ಲಿದೆ. ಪ್ರತಿವರ್ಷ ಸಾವಿರಾರು ಹೊಸ ಪದವೀಧರರನ್ನು ತೆಗೆದುಕೊಂಡು ಕಲಿಸಿ ಕೆಲಸ ಮಾಡಿಸುವುದೇ ಅದರ ರೀತಿಯಾಗಿತ್ತು. 2025ರ ಜುಲೈಯಲ್ಲಿ ದೇಶದ ಅತಿದೊಡ್ಡ ಐ.ಟಿ. ಕಂಪನಿ ಟಿ.ಸಿ.ಎಸ್. ತನ್ನ ನೌಕರರಲ್ಲಿ ಶೇಕಡಾ 2ರಷ್ಟು, ಎಂದರೆ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಇದಕ್ಕೆ ಎ.ಐ. ಕಾರಣವಲ್ಲ, ಕೌಶಲದ ಹೊಂದಾಣಿಕೆಯ ಕೊರತೆ ಕಾರಣ ಎಂದು ಕಂಪನಿ ಹೇಳಿತು. ಕಾರಣ ಯಾವುದೇ ಇರಲಿ, ಆ ಸುದ್ದಿ ಓದಿದ ಮನೆಗಳಲ್ಲಿ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಸಮಾಜದ ಮೇಲೆ ಬೀಳುವ ನೆರಳು

ದುಡಿಮೆಯ ಆಚೆಗೂ ಕೆಲವು ಸಂಗತಿಗಳಿವೆ. 2023ರ ಮಾರ್ಚಿಯಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ದಪ್ಪನೆಯ ಬಿಳಿ ಫ್ಯಾಶನ್ ಕೋಟು ತೊಟ್ಟ ಚಿತ್ರವೊಂದು ಜಗತ್ತೆಲ್ಲ ಹರಿದಾಡಿತು. ಎಷ್ಟೋ ಜನ ನಿಜವೆಂದೇ ನಂಬಿದರು. ಅದು ಎ.ಐ. ತಯಾರಿಸಿದ ಚಿತ್ರ. ಅದು ನಗುವ ವಿಷಯವಾಯಿತು. ಆದರೆ ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ದೇಹಕ್ಕೆ ಜೋಡಿಸಿದ ವಿಡಿಯೋ ಹರಡಿದಾಗ ಅದು ನಗುವ ವಿಷಯವಾಗಿರಲಿಲ್ಲ. ನಟಿಯ ಮೇಲಿನ ಈ ಅನ್ಯಾಯ ನಾಳೆ ಕಾಲೇಜಿಗೆ ಹೋಗುವ ನಮ್ಮ ಮಗಳ ಮೇಲೂ ಆಗಬಹುದು. ಮಗನ ದನಿಯನ್ನೇ ನಕಲು ಮಾಡಿ "ಅಮ್ಮಾ, ಅಪಘಾತವಾಗಿದೆ, ದುಡ್ಡು ಕಳಿಸು" ಎಂದು ಅಳುವಷ್ಟು ವಂಚಕರು ಮುಂದುವರಿದಿದ್ದಾರೆ.

ಇನ್ನೊಂದು, ಕಣ್ಣಿಗೆ ಕಾಣದ ಕಾರ್ಮಿಕರು. ಯಂತ್ರ ತಾನಾಗಿ ಕಲಿಯುತ್ತದೆ ಎನ್ನುತ್ತಾರೆ. ಅದರ ಹಿಂದೆ ಸಾವಿರಾರು ಮನುಷ್ಯರಿದ್ದಾರೆ. ಕೆನ್ಯಾ ದೇಶದಲ್ಲಿ ಗಂಟೆಗೆ 2 ಡಾಲರಿಗೂ ಕಡಿಮೆ ಕೂಲಿಗೆ ಯುವಜನರು ಹಿಂಸೆ, ಅಶ್ಲೀಲ ಬರಹಗಳನ್ನು ದಿನವಿಡೀ ಓದಿ ಗುರುತು ಹಾಕಿದರು ಎಂಬುದು 2023ರ ಜನವರಿಯಲ್ಲಿ ಬಯಲಾಯಿತು. ಚಾಟ್‌ಜಿಪಿಟಿ ಸಭ್ಯವಾಗಿ ಮಾತಾಡಲಿ ಎಂದು ಅವರು ಆ ಕೊಳೆಯನ್ನು ತಮ್ಮ ಮನಸ್ಸಿನೊಳಗೆ ಹೊತ್ತರು. ಹಾಗೆಯೇ ಆಗಬೇಕಿಲ್ಲ ಎಂಬುದಕ್ಕೂ ಉದಾಹರಣೆಯಿದೆ. ಬೆಂಗಳೂರಿನಿಂದ ನಡೆಯುವ 'ಕಾರ್ಯ' ಎಂಬ ಸಂಸ್ಥೆ ನಮ್ಮ ಹಳ್ಳಿಗಳ ಜನರಿಗೆ ಕನ್ನಡ ವಾಕ್ಯಗಳನ್ನು ಮೊಬೈಲಿನಲ್ಲಿ ಓದಿ ಧ್ವನಿ ಕೊಡುವ ಕೆಲಸ ನೀಡಿ, ಕನಿಷ್ಠ ಕೂಲಿಗಿಂತ ಎಷ್ಟೋ ಹೆಚ್ಚು ಸಂಭಾವನೆ ಕೊಟ್ಟಿದೆ. ಕೆಲಸದ ಬಗೆ ಒಂದೇ, ಮನುಷ್ಯನನ್ನು ನೋಡುವ ಕಣ್ಣು ಬೇರೆ.

ಊಟ ತಂದುಕೊಡುವ ಹುಡುಗರ ಬಗ್ಗೆಯೂ ಯೋಚಿಸಿ. ಯಾರಿಗೆ ಆರ್ಡರ್, ಎಷ್ಟು ಹಣ, ಯಾರ ಖಾತೆ ಬಂದ್ ಎಂಬುದನ್ನೆಲ್ಲ ಈಗಾಗಲೇ ಯಂತ್ರವೇ ತೀರ್ಮಾನಿಸುತ್ತಿದೆ. ಅವರಿಗೆ ಮೇಸ್ತ್ರಿ ಇಲ್ಲ, ಜಗಳ ಆಡಲೂ ಎದುರಿಗೆ ಮನುಷ್ಯನಿಲ್ಲ. 2025ರಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯ್ದೆ ತಂದಿತು. ಕಂಪನಿಗಳು ಅವರ ಕಲ್ಯಾಣ ನಿಧಿಗೆ ಹಣ ಕೊಡಬೇಕು, ಕಾರಣ ತಿಳಿಸದೆ ಅವರನ್ನು ತೆಗೆಯುವಂತಿಲ್ಲ, ಯಂತ್ರ ಅವರ ಮೇಲೆ ಹೇಗೆ ತೀರ್ಮಾನ ಮಾಡುತ್ತದೆ ಎಂಬುದನ್ನು ತಿಳಿಸಬೇಕು ಎಂಬುದು ಅದರ ತಿರುಳು. ಇದು ಒಳ್ಳೆಯ ಆರಂಭ.

ಧರ್ಮಸಭೆಯ ದನಿ

ಕೈಗಾರಿಕಾ ಯುಗದಲ್ಲಿ ಕಾರ್ಮಿಕರು ನಲುಗುತ್ತಿದ್ದಾಗ ಜಗದ್ಗುರು ಹದಿಮೂರನೇ ಲಿಯೋರವರು 1891ರ ಮೇ 15ರಂದು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರ ಬರೆದರು. ಕುಟುಂಬ ಬದುಕುವಷ್ಟು ಕೂಲಿ ಕಾರ್ಮಿಕನ ಹಕ್ಕು, ಸಂಘ ಕಟ್ಟುವುದು ಅವನ ಹಕ್ಕು, ಮನುಷ್ಯನನ್ನು ಲಾಭದ ಸಾಧನವಾಗಿ ಬಳಸುವುದು ನಾಚಿಕೆಗೇಡು, ಅಮಾನವೀಯ ಎಂದು ಅವರು ಬೋಧಿಸಿದರು. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೇ ಲಿಯೋ ಎಂಬ ಹೆಸರನ್ನು ತೆಗೆದುಕೊಂಡರು. ಎರಡು ದಿನಗಳ ನಂತರ ಕಾರ್ಡಿನಲರ ಮುಂದೆ ಅದರ ಕಾರಣವನ್ನು ತಾವೇ ವಿವರಿಸಿದರು. ಅಂದು ಲಿಯೋರವರು ಮೊದಲ ಕೈಗಾರಿಕಾ ಕ್ರಾಂತಿಯನ್ನು ಎದುರಿಸಿದರು, ಇಂದು ಕೃತಕ ಬುದ್ಧಿಮತ್ತೆಯಿಂದ ಮನುಷ್ಯನ ಘನತೆ, ನ್ಯಾಯ, ದುಡಿಮೆ ಇವುಗಳಿಗೆ ಹೊಸ ಸವಾಲು ಬಂದಿದೆ ಎಂಬುದು ಅವರ ಮಾತಿನ ಸಾರ.

ಸಂತ ಎರಡನೇ ಜಾನ್ ಪೌಲರು 1981ರಲ್ಲಿ ಬರೆದ 'ಲಬೋರೆಮ್ ಎಕ್ಸರ್ಚೆನ್ಸ್' ವಿಶ್ವಪತ್ರ ಇನ್ನೂ ಆಳಕ್ಕೆ ಹೋಗುತ್ತದೆ. ದುಡಿಮೆಯ ಬೆಲೆ ಏನು ತಯಾರಾಯಿತು ಎಂಬುದರಲ್ಲಿ ಮಾತ್ರವಿಲ್ಲ, ಯಾರು ದುಡಿದರು ಎಂಬುದರಲ್ಲಿದೆ ಎಂದು ಅವರು ಕಲಿಸಿದರು. ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ದುಡಿಮೆಗಾಗಿ ಅಲ್ಲ. ತಂತ್ರಜ್ಞಾನ ಮನುಷ್ಯನ ಗೆಳೆಯ, ಆದರೆ ಅದು ಅವನನ್ನು ತಳ್ಳಿ ಅವನ ಜಾಗದಲ್ಲಿ ಕೂತಾಗ ಶತ್ರುವೂ ಆಗಬಲ್ಲದು ಎಂದು ಎಚ್ಚರಿಸಿದರು. ಜಗದ್ಗುರು ಫ್ರಾನ್ಸಿಸ್‌ರವರು 2024ರ ಜೂನ್ 14ರಂದು ಇಟಲಿಯಲ್ಲಿ ಸೇರಿದ ಜಿ-7 ರಾಷ್ಟ್ರ ನಾಯಕರ ಮುಂದೆ ಇದೇ ವಿಷಯವನ್ನು ಎತ್ತಿದರು. ಆ ಸಭೆಯಲ್ಲಿ ಭಾಗವಹಿಸಿದ ಮೊದಲ ಜಗದ್ಗುರು ಅವರೇ. ತೀರ್ಮಾನದ ಕೊನೆಯ ಮಾತು ಮನುಷ್ಯನದಾಗಿರಬೇಕು, ಯಾವ ಯಂತ್ರವೂ ಮನುಷ್ಯನ ಪ್ರಾಣ ತೆಗೆಯುವ ತೀರ್ಮಾನ ಮಾಡಬಾರದು ಎಂದು ಕೇಳಿಕೊಂಡರು. 2025ರ ಜನವರಿ 28ರಂದು, ಸಂತ ಥಾಮಸ್ ಅಕ್ವಿನಾಸರ ಸ್ಮರಣೆಯ ದಿನ, ವ್ಯಾಟಿಕನ್ 'ಅಂತಿಕ್ವಾ ಎತ್ ನೋವಾ' ಎಂಬ ಟಿಪ್ಪಣಿಯನ್ನು ಪ್ರಕಟಿಸಿತು. ಎ.ಐ. ಮನುಷ್ಯ ಬುದ್ಧಿಯ ಇನ್ನೊಂದು ರೂಪವಲ್ಲ, ಅದು ಮನುಷ್ಯ ಬುದ್ಧಿಯ ಒಂದು ಉತ್ಪನ್ನ ಎಂಬುದು ಅದರ ಮುಖ್ಯ ಬೋಧನೆಗಳಲ್ಲಿ ಒಂದು.

ಸಂಜೆ ಐದರ ಕೂಲಿಯಾಳುಗಳು

ಮತ್ತಾಯನ ಶುಭಸಂದೇಶದ ದ್ರಾಕ್ಷಿತೋಟದ ಸಾಮತಿ ನಿಮಗೆಲ್ಲ ಗೊತ್ತು. ಯಜಮಾನ ಬೆಳಗಿನ ಜಾವ ಹೋಗಿ ಆಳುಗಳನ್ನು ಕರೆತಂದ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋದ. ಸಂಜೆ ಐದಕ್ಕೆ ಹೋದಾಗಲೂ ಸಂತೆಬೀದಿಯಲ್ಲಿ ಕೆಲವರು ನಿಂತಿದ್ದರು. ಏಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದ. ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎಂದರು.

ಈ ಸಾಮತಿ ಮೊದಲಿಗೆ ದೇವರ ಕೃಪೆಯ ಬಗ್ಗೆ ಹೇಳಿದ್ದು. ಆದರೆ ದುಡಿಮೆ ಕಳೆದುಕೊಂಡವರಿಗೂ ಅದರಲ್ಲಿ ಮೂರು ಮಾತುಗಳಿವೆ. ಮೊದಲನೆಯದು, ಅವರು ಸೋಮಾರಿಗಳಲ್ಲ. ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ಕಾದು ನಿಂತವರು. ಕೆಲಸವಿಲ್ಲದವನನ್ನು ಕೈಲಾಗದವನು ಎಂದು ಕರೆಯುವ ಹಕ್ಕು ನಮಗಿಲ್ಲ. ಎರಡನೆಯದು, ಯಜಮಾನ ಮತ್ತೆ ಮತ್ತೆ ಹೊರಗೆ ಹೋದ. ತೋಟದ ಕೆಲಸಕ್ಕೆ ಎಷ್ಟು ಆಳು ಬೇಕು ಎಂಬುದೊಂದೇ ಅವನ ಲೆಕ್ಕವಾಗಿದ್ದರೆ ಐದಕ್ಕೆ ಹೋಗಬೇಕಾಗಿರಲಿಲ್ಲ. ಯಾರು ಉಳಿದಿದ್ದಾರೆ ಎಂದು ನೋಡಲು ಹೋದ. ಮೂರನೆಯದು, ಅವನು ಎಲ್ಲರಿಗೂ ದಿನದ ಕೂಲಿ ಕೊಟ್ಟ. ಆ ನಾಣ್ಯ ಒಂದು ಮನೆಯ ಒಂದು ದಿನದ ಊಟ. ಗಂಟೆ ಲೆಕ್ಕ ಹಾಕಿ ಕೊಟ್ಟಿದ್ದರೆ ಕೊನೆಯವನ ಮಕ್ಕಳು ಆ ರಾತ್ರಿ ಹಸಿದು ಮಲಗಬೇಕಾಗುತ್ತಿತ್ತು. ಯಂತ್ರ ಗಂಟೆಗಳನ್ನು ನಮಗಿಂತ ಚೆನ್ನಾಗಿ ಲೆಕ್ಕ ಹಾಕುತ್ತದೆ. ಮಕ್ಕಳ ಹಸಿವನ್ನು ನೋಡುವ ಕಣ್ಣು ಅದಕ್ಕಿಲ್ಲ. ಆ ಕಣ್ಣು ನಮಗಿರಬೇಕು.

ನಾವೇನು ಮಾಡಬಹುದು?

ಮೊದಲು ನಮ್ಮ ಮನೆಗಳಲ್ಲಿ. ಕೆಲಸ ಕಳೆದುಕೊಂಡ ಮಗ ನೆಂಟರ ಮದುವೆಗೆ ಹೋಗುವುದನ್ನು ಬಿಡುತ್ತಾನೆ, ಆಮೇಲೆ ಗೆಳೆಯರನ್ನು, ಕೊನೆಗೆ ಭಾನುವಾರದ ಬಲಿಪೂಜೆಯನ್ನೂ ಬಿಡುತ್ತಾನೆ. "ಈಗ ಎಲ್ಲಿ ಕೆಲಸ?" ಎಂಬ ಪ್ರಶ್ನೆಗೆ ಅವನು ಹೆದರುತ್ತಾನೆ. ಪ್ರಿಯ ತಂದೆತಾಯಿಯರೇ, ಸಂಬಳದಿಂದ ಮಕ್ಕಳನ್ನು ಅಳೆಯಬೇಡಿ. ಅವನನ್ನು ಊಟಕ್ಕೆ ಕರೆಯುವ ದನಿ ಕೆಲಸವಿದ್ದಾಗ ಹೇಗಿತ್ತೋ ಈಗಲೂ ಹಾಗೇ ಇರಲಿ. ಸಾಲದ ವಿಷಯವನ್ನು ಗಂಡ ಹೆಂಡತಿ ಮುಚ್ಚಿಡದೆ ಕೂತು ಮಾತಾಡಿ. ಹಬ್ಬ, ಮದುವೆ, ಪ್ರಥಮ ಪರಮಪ್ರಸಾದದ ಖರ್ಚನ್ನು ನೆರೆಯವರ ಕಣ್ಣಿಗಾಗಿ ಹಿಗ್ಗಿಸಬೇಡಿ.

ಯುವಜನರೇ, ಯಂತ್ರಕ್ಕೆ ಹೆದರಿ ಓಡಬೇಡಿ, ಅದಕ್ಕೆ ಜೋತುಬೀಳಲೂ ಬೇಡಿ. ಮೊದಲು ಕೆಲಸವನ್ನು ಕೈಯಾರೆ ಕಲಿಯಿರಿ, ಆಮೇಲೆ ಯಂತ್ರದ ನೆರವು ಪಡೆಯಿರಿ. ಸ್ವತಃ ಲೆಕ್ಕ ಬಾರದವನಿಗೆ ಯಂತ್ರದ ಲೆಕ್ಕ ತಪ್ಪಿದೆ ಎಂದು ತಿಳಿಯುವುದು ಹೇಗೆ? ಅಮೆರಿಕದ ಒಂದು ಕಂಪನಿಯ ಸುಮಾರು 5,000 ಗ್ರಾಹಕ ಸೇವಕರ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎ.ಐ. ನೆರವು ಪಡೆದವರ ಕೆಲಸ ಸರಾಸರಿ ಶೇಕಡಾ 14 ಹೆಚ್ಚಿತು, ಹೊಸಬರದು ಶೇಕಡಾ 34 ಹೆಚ್ಚಿತು. ಹೊಸಬರ ಜಾಗವನ್ನು ಕಿತ್ತುಕೊಳ್ಳಬಲ್ಲ ಅದೇ ಯಂತ್ರ ಹೊಸಬರಿಗೆ ಗುರುವೂ ಆಗಬಲ್ಲದು. ಎರಡರಲ್ಲಿ ಯಾವುದು ಎಂಬುದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ. ಐ.ಟಿ. ಒಂದೇ ಮರ್ಯಾದೆಯ ಕೆಲಸ ಎಂಬ ಭ್ರಮೆಯನ್ನೂ ಬಿಡೋಣ. ಐ.ಟಿ.ಐ. ಕಲಿತ ಎಲೆಕ್ಟ್ರಿಷಿಯನ್, ನರ್ಸಿಂಗ್ ಕಲಿತ ಹುಡುಗಿ, ಒಳ್ಳೆಯ ಬಡಗಿ ಯಾರಿಗಿಂತ ಕಡಿಮೆ? ದೇವರು ತಮ್ಮ ಪುತ್ರನನ್ನು ಬಡಗಿಯ ಮನೆಗೇ ಕಳಿಸಿದರು.

ನಮ್ಮಲ್ಲಿ ಅಂಗಡಿ, ಕಚೇರಿ, ಕಂಪನಿ ನಡೆಸುವವರೂ ಇದ್ದಾರೆ. ಯಂತ್ರದಿಂದ ಉಳಿದ ಹಣವೆಲ್ಲ ನಿಮ್ಮದೇ ಎಂದುಕೊಳ್ಳಬೇಡಿ. ಜನರನ್ನು ಕಡಿಮೆ ಮಾಡಲೇಬೇಕಾದರೆ ಎದುರಿಗೆ ಕೂರಿಸಿ ಹೇಳಿ, ಮೊಬೈಲಿಗೆ ಸಂದೇಶ ಕಳಿಸಿ ಕೈತೊಳೆದುಕೊಳ್ಳಬೇಡಿ. ಬೇರೆ ಕೆಲಸ ಕಲಿಯಲು ಸಮಯ ಕೊಡಿ. ಪ್ರತಿವರ್ಷ ಒಬ್ಬಿಬ್ಬರು ಹೊಸಬರನ್ನಾದರೂ ತೆಗೆದುಕೊಂಡು ಕಲಿಸಿ.

ಧರ್ಮಕೇಂದ್ರದಲ್ಲಿ ನಾವು ಒಟ್ಟಾಗಿ ಮಾಡಬಹುದಾದದ್ದೂ ಬಹಳ ಇದೆ. ಯಾರ ಮನೆಯಲ್ಲಿ ಕೆಲಸ ಹೋಗಿದೆ ಎಂಬುದು ವಾರ್ಡಿನ ಗುರಿಕಾರರಿಗೆ, ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರಿಗೆ ಸದ್ದಿಲ್ಲದೆ ತಿಳಿಯಲಿ. ಶಾಲಾ ಶುಲ್ಕದ ಹೊತ್ತಿಗೆ ನೆರವು ಮಾನಕ್ಕೆ ಕುಂದು ಬಾರದಂತೆ ತಲುಪಲಿ. ಐ.ಟಿ.ಯಲ್ಲಿರುವ ಹಿರಿಯರು ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಯುವಜನರಿಗೆ ಈ ಯಂತ್ರಗಳನ್ನು ಬಳಸುವುದನ್ನು ಹೇಳಿಕೊಡಲಿ. ವಯಸ್ಸಾದವರಿಗೆ ವಂಚನೆಯ ಕರೆಗಳ ಬಗ್ಗೆ ತಿಳಿಸಲಿ. ಪ್ರತಿ ಕುಟುಂಬವೂ ಹೊರಗಿನವರಿಗೆ ಗೊತ್ತಿಲ್ಲದ ಒಂದು ಗುಟ್ಟಿನ ಮಾತನ್ನು ಇಟ್ಟುಕೊಳ್ಳಲಿ. ಫೋನಿನಲ್ಲಿ ಅಳುವ ದನಿ ಹಣ ಕೇಳಿದರೆ ಮೊದಲು ಆ ಮಾತನ್ನು ಕೇಳಿ. ಮೋಸ ಹೋದರೆ ನಾಚಿಕೆಪಟ್ಟು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ.

ಪ್ರಿಯರೇ, ಶುಭಸಂದೇಶದಲ್ಲಿ ಸಂತ ಜೋಸೆಫರ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ. ಮಾತುಗಳನ್ನೇ ಹೆಣೆಯುವ ಯಂತ್ರದ ಈ ಯುಗದಲ್ಲಿ ಮಾತಾಡದ ಈ ಸಂತರು ನಮಗೆ ಒಳ್ಳೆಯ ಗುರು. ಅವರು ಮಾತಿನಿಂದಲ್ಲ, ಕೈಯಿಂದ ಪ್ರೀತಿಸಿದರು. ರಾತ್ರಿ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ನಡೆದರು. ಗುರುತಿಲ್ಲದ ನಾಡಿನಲ್ಲಿ ಮನೆಯವರನ್ನು ಸಾಕಿದರು. ಕೆಲಸ ಬಿಟ್ಟು, ಊರು ಬಿಟ್ಟು, ಮತ್ತೆ ಮೊದಲಿನಿಂದ ಆರಂಭಿಸುವ ಕಷ್ಟ ಅವರಿಗೆ ಗೊತ್ತು. ಇಂದು ದುಡಿಮೆಯ ಚಿಂತೆಯಲ್ಲಿರುವ ಪ್ರತಿ ಮನೆಯ ಬಾಗಿಲಲ್ಲಿ ಅವರು ಕಾವಲಾಗಿ ನಿಲ್ಲಲಿ. ದುಡಿಯುವ ಕೈಗಳಿಗೆ ಕೆಲಸವನ್ನೂ, ಕೆಲಸ ಕೊಡುವ ಕೈಗಳಿಗೆ ಕರುಣೆಯನ್ನೂ, ನಮ್ಮೆಲ್ಲರಿಗೂ ಅನ್ನ ಹಂಚಿ ತಿನ್ನುವ ಮನಸ್ಸನ್ನೂ ದೇವರಿಂದ ಬೇಡಿ ಕೊಡಲಿ. ಹಬ್ಬದ ಶುಭಾಶಯಗಳು. ಆಮೆನ್.